ಸಿವಿಲ್ ದಾವೆಗಳ ಕಾಲಪರಿಮಿತಿ: ಕಾಮಸಮುದ್ರ, ಬಂಗಾರಪೇಟೆ ಮತ್ತು ಕೆಜಿಎಫ್ ಸೀಮೆ

ಸಾಲ, ಕರಾರು, ಜಮೀನು, ಕುಟುಂಬದ ಆಸ್ತಿ, ಮಾನನಷ್ಟ ಮೊದಲಾದ ವಿಷಯಗಳಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಹೋಗಲು ಕಾನೂನು ಗೊತ್ತುಪಡಿಸಿರುವ ಗರಿಷ್ಠ ಅವಧಿಯೇ ಕಾಲಪರಿಮಿತಿ. ವಕೀಲರು ಇದನ್ನು ಲಿಮಿಟೇಷನ್ ಎನ್ನುತ್ತಾರೆ. ಹಳ್ಳಿಗಳಲ್ಲಿ ವಾಯಿದೆ ಎಂಬ ಮಾತು ಬಳಕೆಯಲ್ಲಿದೆ. ಈ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡಲೇಬೇಕು. ವಾದಿಯ ಕಡೆ ಎಷ್ಟೇ ನ್ಯಾಯವಿದ್ದರೂ ಅದರ ವಿಚಾರಣೆ ನಡೆಯುವುದಿಲ್ಲ. ಭಾರತದಲ್ಲಿ ಈ ವಿಷಯದ ಮೂಲ ಶಾಸನ 1963ರ ಕಾಲಪರಿಮಿತಿ ಕಾಯ್ದೆ. ಇದು 1964ರ ಜನವರಿ 1ರಿಂದ ಜಾರಿಯಲ್ಲಿದೆ. ಸಂವಿಧಾನದ 7ನೇ ಅನುಸೂಚಿಯ ಸಮವರ್ತಿ ಪಟ್ಟಿಯ 13ನೇ ನಮೂದಿನಲ್ಲಿ ಕಾಲಪರಿಮಿತಿ ಸೇರಿರುವುದರಿಂದ ಸಂಸತ್ತಿನ ಜೊತೆಗೆ ರಾಜ್ಯ ವಿಧಾನಮಂಡಲಕ್ಕೂ ಈ ಬಗ್ಗೆ ಶಾಸನ ಮಾಡುವ ಅಧಿಕಾರವಿದೆ. ಕರ್ನಾಟಕವು ಭೂಸುಧಾರಣೆ, ಭೂಸ್ವಾಧೀನ, ಪರಿಶಿಷ್ಟರ ಜಮೀನು ಮುಂತಾದ ವಿಷಯಗಳಲ್ಲಿ ತನ್ನದೇ ಗಡುವುಗಳನ್ನು ಹಾಕಿದೆ. ಕೆಲವು ಕಡೆ ಗಡುವನ್ನೇ ತೆಗೆದುಹಾಕಿದೆ.

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿ ಈ ಕಾನೂನಿನ ಬಹುತೇಕ ಮುಖಗಳನ್ನು ಒಂದೇ ಕಡೆ ತೋರಿಸುವ ಜಾಗ. ಬೆಂಗಳೂರು–ಚೆನ್ನೈ ರೈಲು ಮಾರ್ಗದಲ್ಲಿ ಬಂಗಾರಪೇಟೆ ದಾಟಿದ ಮೇಲೆ ಸಿಗುವ ಈ ಊರಿನಾಚೆ ಸ್ವಲ್ಪ ದೂರಕ್ಕೇ ಆಂಧ್ರಪ್ರದೇಶದ ಕುಪ್ಪಂ ಸೀಮೆ ಶುರುವಾಗುತ್ತದೆ. ತಮಿಳುನಾಡಿನ ಗಡಿಯೂ ದೂರವಿಲ್ಲ. ಪಕ್ಕದಲ್ಲೇ 2001ರಲ್ಲಿ ಮುಚ್ಚಿಹೋದ ಚಿನ್ನದ ಗಣಿಗಳ ಕೆಜಿಎಫ್ ಇದೆ. ಸುತ್ತ ಕೆರೆ ಕಾಲುವೆಗಳ ಹಳ್ಳಿಗಳು, ದರಖಾಸ್ತಿನಲ್ಲಿ ಮಂಜೂರಾದ ಜಮೀನುಗಳು, ಜಿಲ್ಲೆಯ ಮೇಲೆ ಹಾದಿರುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗಾಗಿ ಸ್ವಾಧೀನವಾದ ಹೊಲಗಳು ಇವೆ. ಬಂಗಾರಪೇಟೆ ಮತ್ತು ಕೆಜಿಎಫ್ ಎರಡೂ ಕಡೆ ಸಿವಿಲ್ ನ್ಯಾಯಾಲಯಗಳಿವೆ.

ಹಿನ್ನೆಲೆ

ಸುಮ್ಮನೆ ಕೂತವನ ಹಕ್ಕು ಕ್ಷೀಣಿಸುತ್ತದೆ ಎಂಬ ವಿಚಾರ ಈ ನೆಲಕ್ಕೆ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ, ಒಡೆಯ ಕಣ್ಣಾರೆ ನೋಡುತ್ತಲೂ ತಕರಾರು ಎತ್ತದೆ ಇದ್ದಾಗ ಬೇರೆಯವನು ಭೂಮಿಯನ್ನು 20 ವರ್ಷ, ಚರಾಸ್ತಿಯನ್ನು 10 ವರ್ಷ ಅನುಭವಿಸಿದರೆ ಒಡೆಯನಿಗೆ ನಷ್ಟವಾಗುತ್ತದೆ. ಇದಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ 6ನೇ ವಿಕ್ರಮಾದಿತ್ಯನ ಕಾಲದವನು. ಒಡೆಯ ಕಳೆದುಕೊಳ್ಳುವುದು ಆ ಅವಧಿಯ ಫಸಲನ್ನು ಮಾತ್ರ, ಒಡೆತನವನ್ನಲ್ಲ ಎಂದು ಅವನು ಅರ್ಥೈಸಿದ. ಇಂದಿನ ಕಾಯ್ದೆ ಈ ಮಾತನ್ನು ಒಪ್ಪಿಲ್ಲ. 12 ವರ್ಷ ಕಳೆದರೆ ಒಡೆತನವೇ ಹೋಗುತ್ತದೆ ಎಂಬುದು ಅದರ ನಿಲುವು.

ಆಧುನಿಕ ಶಾಸನದ ಸಾಲು 1859ರ 14ನೇ ಕಾಯ್ದೆಯಿಂದ ಆರಂಭವಾಗುತ್ತದೆ. 1871, 1877 ಮತ್ತು 1908ರಲ್ಲಿ ಹೊಸ ಕಾಯ್ದೆಗಳು ಬಂದವು. ಬ್ರಿಟಿಷ್ ಭಾರತದ ಶಾಸನಗಳು ಮೈಸೂರು ಸಂಸ್ಥಾನಕ್ಕೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ, ಹಾಗಾಗಿ ಕೋಲಾರದಲ್ಲಿ ಸಂಸ್ಥಾನದ ಕಾನೂನೇ ನಡೆಯುತ್ತಿತ್ತು. ಮಂಗಳೂರು, ಕಾಸರಗೋಡು ಮದರಾಸು ಪ್ರಾಂತ್ಯದಲ್ಲಿದ್ದವು. ಧಾರವಾಡ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು, ಹಾಗಾಗಿ ಈ ಎರಡೂ ಕಡೆ ಬ್ರಿಟಿಷ್ ಭಾರತದ ಶಾಸನವೇ ನಡೆಯುತ್ತಿತ್ತು. ಕಲಬುರಗಿ, ಬೀದರ್ ನಿಜಾಮನ ಆಡಳಿತಕ್ಕೆ ಒಳಪಟ್ಟಿದ್ದವು. 1951ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ ವರ್ಗದ ರಾಜ್ಯಗಳ ಕಾನೂನು ಕಾಯ್ದೆಯಿಂದ ಮೈಸೂರು, ಹೈದರಾಬಾದುಗಳಿಗೂ ಕೇಂದ್ರದ ಕಾಯ್ದೆ ವ್ಯಾಪಿಸಿತು. ಕಾನೂನು ಆಯೋಗ 1956ರಲ್ಲಿ ಕೊಟ್ಟ 3ನೇ ವರದಿಯ ಫಲವಾಗಿ 1963ರ ಕಾಯ್ದೆ ಬಂತು. ಅಡಮಾನ ಬಿಡಿಸಿಕೊಳ್ಳಲು ಮತ್ತು ಸರ್ಕಾರ ದಾವೆ ಹೂಡಲು ಹಿಂದೆ 60 ವರ್ಷವಿದ್ದ ಅವಧಿಯನ್ನು ಇದು 30 ವರ್ಷಕ್ಕೆ ಇಳಿಸಿತು.

ಮೂಲ ನಿಯಮಗಳು

ಕಾಯ್ದೆಯಲ್ಲಿ 32 ಕಲಮುಗಳಿದ್ದವು, ಕೊನೆಯದನ್ನು ಈಗ ತೆಗೆದುಹಾಕಲಾಗಿದೆ. ಅನುಸೂಚಿಯಲ್ಲಿ 137 ಅನುಚ್ಛೇದಗಳಿವೆ. ಯಾವ ಬಗೆಯ ದಾವೆಗೆ ಎಷ್ಟು ಕಾಲ, ಆ ಕಾಲ ಯಾವ ದಿನದಿಂದ ಓಡುತ್ತದೆ ಎಂಬುದನ್ನು ಪ್ರತಿ ಅನುಚ್ಛೇದವೂ ಹೇಳುತ್ತದೆ. ವ್ಯಾಜ್ಯಗಳಲ್ಲಿ ಹೆಚ್ಚಿನ ಜಗಳ ಅವಧಿ ಎಷ್ಟೆಂಬುದರ ಮೇಲೆ ನಡೆಯುವುದಿಲ್ಲ, ಅದು ಆರಂಭವಾದ ದಿನದ ಮೇಲೆ ನಡೆಯುತ್ತದೆ.

3ನೇ ಕಲಮಿನಂತೆ, ಪ್ರತಿವಾದಿ ಆಕ್ಷೇಪ ಎತ್ತದಿದ್ದರೂ ಕಾಲ ಮೀರಿದ ದಾವೆಯನ್ನು ನ್ಯಾಯಾಲಯ ತಾನೇ ವಜಾ ಮಾಡಬೇಕು. ವಾದಪತ್ರ ಓದಿದಾಗಲೇ ಕಾಲ ಮೀರಿರುವುದು ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಡಿ ಅದು ಆರಂಭದಲ್ಲೇ ತಿರಸ್ಕೃತವಾಗುತ್ತದೆ. 5ನೇ ಕಲಮಿನ ಬಗ್ಗೆ ಜನರಲ್ಲಿ ದೊಡ್ಡ ತಪ್ಪುಕಲ್ಪನೆಯಿದೆ. ಕಾಯಿಲೆ, ಬಡತನ, ತಿಳಿವಳಿಕೆಯ ಕೊರತೆ ಮುಂತಾದ ಕಾರಣ ತೋರಿಸಿ ವಿಳಂಬ ಮನ್ನಿಸಿಕೊಳ್ಳಲು ಆ ಕಲಮು ಅವಕಾಶ ಕೊಡುವುದು ಮೇಲ್ಮನವಿ ಮತ್ತು ಅರ್ಜಿಗಳಿಗೆ ಮಾತ್ರ. ಮೂಲ ದಾವೆ ಒಂದು ದಿನ ತಡವಾದರೂ ಅದನ್ನು ಮನ್ನಿಸುವ ಅಧಿಕಾರ ಯಾವ ನ್ಯಾಯಾಧೀಶರಿಗೂ ಇಲ್ಲ.

ಒಮ್ಮೆ ಓಡಲು ಶುರುವಾದ ಕಾಲ ನಂತರ ಬಂದ ಯಾವ ಅಸಮರ್ಥತೆಗೂ ನಿಲ್ಲುವುದಿಲ್ಲ ಎಂದು 9ನೇ ಕಲಮು ಹೇಳುತ್ತದೆ. ಪಂಚಾಯಿತಿ ಕಟ್ಟೆಯಲ್ಲಿ ರಾಜಿ ಮಾತುಕತೆ ನಡೆಯುತ್ತಿದೆ, ವಕೀಲರ ನೋಟಿಸು ಹೋಗಿದೆ, ತಹಶೀಲ್ದಾರರ ಮುಂದೆ ಖಾತೆ ತಕರಾರು ಬಾಕಿಯಿದೆ ಎಂಬ ಕಾರಣಗಳಿಗೂ ಅದು ನಿಲ್ಲದು. ಖಾತೆ, ಪಹಣಿಗಳು ಕಂದಾಯದ ದಾಖಲೆಗಳು. ಒಡೆತನವನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಕಂದಾಯ ಕಚೇರಿಗಳಲ್ಲೇ ವರ್ಷಗಳನ್ನು ಕಳೆದು ಕೊನೆಗೆ ನ್ಯಾಯಾಲಯಕ್ಕೆ ಬರುವವರಿಗೆ ಈ ವ್ಯತ್ಯಾಸ ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಸಾಲ ಮತ್ತು ಕರಾರು

ಕೈಸಾಲ ವಸೂಲಿಯ ದಾವೆಗೆ ಸಾಲ ಕೊಟ್ಟ ದಿನದಿಂದ 3 ವರ್ಷ. ಕೇಳಿದಾಗ ಕೊಡುತ್ತೇನೆ ಎಂದು ಬರೆದುಕೊಟ್ಟ ಪ್ರೋನೋಟಿಗೂ 35ನೇ ಅನುಚ್ಛೇದದಂತೆ ನೋಟಿನ ತಾರೀಖಿನಿಂದಲೇ 3 ವರ್ಷ. ಹಣ ವಾಪಸ್ ಕೇಳಿದ ದಿನದಿಂದ ಲೆಕ್ಕ ಶುರುವಾಗುತ್ತದೆ ಎಂದು ನಂಬಿ ನೋಟನ್ನು ಪೆಟ್ಟಿಗೆಯಲ್ಲಿಟ್ಟು ಕಾದವರು ಇಲ್ಲೇ ಸೋಲುವುದು. ಇಂಥ ದಿನ ತೀರಿಸುತ್ತೇನೆ ಎಂದು ತಾರೀಖು ಗೊತ್ತುಮಾಡಿದ್ದರೆ ಮಾತ್ರ ಆ ತಾರೀಖಿನಿಂದ ಎಣಿಕೆ.

ಸಾಲಕ್ಕೆ ಮತ್ತೆ ಜೀವ ಕೊಡುವ ದಾರಿಗಳೂ ಇವೆ. ಅವಧಿ ಮುಗಿಯುವ ಮೊದಲೇ ಸಾಲಗಾರ ಸಾಲವನ್ನು ಒಪ್ಪಿ ಬರೆದು ಸಹಿ ಮಾಡಿದರೆ 18ನೇ ಕಲಮಿನಂತೆ ಆ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಬಡ್ಡಿಯನ್ನೋ ಅಸಲಿನ ಒಂದು ಭಾಗವನ್ನೋ ಕೊಟ್ಟು, ಆ ಪಾವತಿಯ ಬಗ್ಗೆ ಸಾಲಗಾರನ ಕೈಬರಹ ಅಥವಾ ಸಹಿ ಇದ್ದರೆ 19ನೇ ಕಲಮಿನಂತೆ ಅದೇ ಫಲ. 2022ರ ಜೂನ್ 10ರ ನೋಟಿನ ಮೇಲೆ 2025ರ ಜೂನ್ 10ರೊಳಗೆ ದಾವೆ ಹೂಡಬೇಕು. 2024ರ ಮೇ 5ರಂದು ಬಡ್ಡಿ ಕೊಟ್ಟು ನೋಟಿನ ಹಿಂದೆ ಷರಾ ಬರೆದು ಸಹಿ ಹಾಕಿದ್ದರೆ ಗಡುವು 2027ರ ಮೇ 5ಕ್ಕೆ ಹೋಗುತ್ತದೆ. ಬಾಯಿಮಾತಿನ ಒಪ್ಪಿಗೆಗೆ ಈ ಶಕ್ತಿಯಿಲ್ಲ. ಅವಧಿ ಮುಗಿದ ಮೇಲೆ ಬರೆದ ಒಪ್ಪಿಗೆಗೂ ಇಲ್ಲ. ಆದರೆ ಕಾಲ ಮೀರಿದ ಸಾಲವನ್ನು ತೀರಿಸುವುದಾಗಿ ಸಾಲಗಾರ ಬರವಣಿಗೆಯಲ್ಲಿ ಹೊಸದಾಗಿ ವಚನ ಕೊಟ್ಟರೆ 1872ರ ಕರಾರು ಕಾಯ್ದೆಯ 25ನೇ ಕಲಮಿನ 3ನೇ ಉಪಕಲಮು ಅದನ್ನು ಪ್ರತ್ಯೇಕ ಕರಾರೆಂದು ಮಾನ್ಯ ಮಾಡುತ್ತದೆ.

ಜಮೀನಿನ ಬೆಲೆ ಏರಿದ ಕಡೆಗಳಲ್ಲಿ ಕ್ರಯದ ಕರಾರುಗಳ ವ್ಯಾಜ್ಯ ಹೆಚ್ಚು. ಮುಂಗಡ ಪಡೆದವರು ನೋಂದಣಿ ಮಾಡಿಕೊಡದಿದ್ದಾಗ ಕರಾರಿನ ನಿರ್ದಿಷ್ಟ ಪಾಲನೆ ಕೋರಿ ದಾವೆ ಹೂಡಲು 54ನೇ ಅನುಚ್ಛೇದ 3 ವರ್ಷ ಕೊಡುತ್ತದೆ. ಕರಾರಿನಲ್ಲಿ ತಾರೀಖು ಇದ್ದರೆ ಆ ತಾರೀಖಿನಿಂದ, ಇಲ್ಲದಿದ್ದರೆ ಮಾರುವವರು ನಿರಾಕರಿಸಿದ್ದು ಕೊಳ್ಳುವವರಿಗೆ ತಿಳಿದ ದಿನದಿಂದ ಲೆಕ್ಕ. ನಿರಾಕರಣೆಯ ಉತ್ತರ ಬಂದ ಲಕೋಟೆಯೂ ಆದ್ದರಿಂದ ಸಾಕ್ಷ್ಯವೇ.

ಮಾನಹಾನಿ ಮತ್ತು ದುರುದ್ದೇಶದ ಕ್ರಿಮಿನಲ್ ಮೊಕದ್ದಮೆಗೆ ಪರಿಹಾರ ಕೇಳಲು ಇರುವುದು 1 ವರ್ಷ ಮಾತ್ರ. ಗ್ರಾಹಕ ಆಯೋಗಕ್ಕೆ 2019ರ ಕಾಯ್ದೆಯ 69ನೇ ಕಲಮಿನಂತೆ 2 ವರ್ಷ. ರಸ್ತೆ ಅಪಘಾತದ ಪರಿಹಾರಕ್ಕೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ 6 ತಿಂಗಳ ಗಡುವು ಹಾಕಿದೆ, ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಬೇರೆಲ್ಲೂ ಹೇಳದ ದಾವೆಗಳಿಗೆ 113ನೇ ಅನುಚ್ಛೇದದ 3 ವರ್ಷ ಅನ್ವಯಿಸುತ್ತದೆ.

ಜಮೀನು ಮತ್ತು ಸ್ವಾಧೀನ

ಒಡೆತನದ ಆಧಾರದ ಮೇಲೆ ಸ್ವಾಧೀನ ಕೇಳುವ ದಾವೆಗೆ 65ನೇ ಅನುಚ್ಛೇದ 12 ವರ್ಷ ಕೊಡುತ್ತದೆ. ಪ್ರತಿವಾದಿಯ ಸ್ವಾಧೀನ ಒಡೆಯನಿಗೆ ಪ್ರತಿಕೂಲವಾದ ದಿನದಿಂದ ಅದು ಓಡುತ್ತದೆ. ಸಾಲದ ದಾವೆ ಕಾಲ ಮೀರಿದರೆ ಪರಿಹಾರ ಮಾತ್ರ ಹೋಗುತ್ತದೆ, ಋಣ ಉಳಿಯುತ್ತದೆ. ಜಮೀನಿನ ವಿಷಯದಲ್ಲಿ 27ನೇ ಕಲಮಿನಂತೆ ಹಕ್ಕೇ ನಶಿಸುತ್ತದೆ. ಪ್ರತಿಕೂಲ ಸ್ವಾಧೀನ ಎಂದು ಕರೆಯುವ ಈ ತತ್ತ್ವದ ಮೇಲಿನ ಪ್ರಮುಖ ತೀರ್ಪುಗಳಲ್ಲಿ ಎರಡು ಕರ್ನಾಟಕದಿಂದ ಹೋದ ಪ್ರಕರಣಗಳಿಂದ ಬಂದಿವೆ. ಕರ್ನಾಟಕ ವಕ್ಫ್ ಮಂಡಳಿ ಮತ್ತು ಭಾರತ ಸರ್ಕಾರದ ನಡುವಿನ 2004ರ ಪ್ರಕರಣದಲ್ಲಿ, ಸ್ವಾಧೀನವು ಬಹಿರಂಗವಾಗಿ, ನಿರಂತರವಾಗಿ, ಒಡೆಯನ ಹಕ್ಕನ್ನು ನಿರಾಕರಿಸುವ ಉದ್ದೇಶದಿಂದ ನಡೆದಿರಬೇಕು, ಅದು ಆರಂಭವಾದ ದಿನವನ್ನು ಹೇಳಿಕೊಳ್ಳುವವರೇ ರುಜುವಾತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2007ರ ಪಿ.ಟಿ. ಮುನಿಚಿಕ್ಕಣ್ಣ ರೆಡ್ಡಿ ಪ್ರಕರಣದಲ್ಲಿ ಆಸ್ತಿಯ ಹಕ್ಕನ್ನು ಮಾನವ ಹಕ್ಕಿನ ನೆಲೆಯಿಂದಲೂ ನೋಡಬೇಕೆಂದು ಅದು ಸೂಚಿಸಿತು. ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪಡೆದವರು ಪ್ರತಿವಾದಿಯಾಗಿ ರಕ್ಷಣೆ ಪಡೆಯಬಹುದು, ವಾದಿಯಾಗಿಯೂ ದಾವೆ ಹೂಡಬಹುದು ಎಂದು 2019ರಲ್ಲಿ ರವೀಂದರ್ ಕೌರ್ ಗ್ರೇವಾಲ್ ಪ್ರಕರಣ ತೀರ್ಮಾನಿಸಿತು. ಈ ಕಾನೂನನ್ನು ಬದಲಿಸಬೇಕಿಲ್ಲ ಎಂದು ಕಾನೂನು ಆಯೋಗ 2023ರ 280ನೇ ವರದಿಯಲ್ಲಿ ಅಭಿಪ್ರಾಯಪಟ್ಟಿತು.

ಒಪ್ಪಿಗೆಯ ಮೇಲೆ ಇರುವ ಸ್ವಾಧೀನ ಎಷ್ಟು ವರ್ಷವಾದರೂ ಪ್ರತಿಕೂಲವಾಗದು. ಬಾಡಿಗೆದಾರ, ಜಮೀನು ನೋಡಿಕೊಳ್ಳಲು ಬಿಟ್ಟ ನೆಂಟ, ಉದ್ಯೋಗದ ನಿಮಿತ್ತ ಮನೆ ಪಡೆದ ನೌಕರ ಇವರೆಲ್ಲ ಈ ಸಾಲಿಗೆ ಸೇರುತ್ತಾರೆ. ಗಣಿ ಕಂಪನಿಯ ವಸತಿಗೃಹಗಳಲ್ಲಿ ತಲೆಮಾರುಗಳಿಂದ ಬಾಳಿದ ಕೆಜಿಎಫ್ ಕುಟುಂಬಗಳು ಇದನ್ನು ಮುಖ್ಯವಾಗಿ ಅರಿಯಬೇಕು. ಆ ಮನೆಗಳ ಮೇಲಿನ ಅವರ ಬೇಡಿಕೆಗೆ ನೈತಿಕ ಬಲ ತುಂಬ ಇದೆ. ಆದರೆ ವಾಸದ ಅವಧಿಯೊಂದೇ ಕಾಲಪರಿಮಿತಿ ಕಾಯ್ದೆಯಡಿ ಒಡೆತನ ತಂದುಕೊಡದು. ಅದಕ್ಕೆ ಸರ್ಕಾರದ ತೀರ್ಮಾನ ಮತ್ತು ಹಕ್ಕುಪತ್ರ ಬೇಕು.

ಸರ್ಕಾರ ಹೂಡುವ ದಾವೆಗೆ 112ನೇ ಅನುಚ್ಛೇದ 30 ವರ್ಷ ಕೊಡುತ್ತದೆ. ಆದ್ದರಿಂದ ಗೋಮಾಳ, ಕೆರೆಯಂಗಳ, ಖರಾಬು ಜಮೀನಿನಲ್ಲಿ 12 ವರ್ಷ ಉತ್ತರೂ ಹಕ್ಕು ಹುಟ್ಟುವುದಿಲ್ಲ. ಬಲವಂತವಾಗಿ ಒಕ್ಕಲೆಬ್ಬಿಸಲ್ಪಟ್ಟವರು ಒಡೆತನದ ಚರ್ಚೆಯಿಲ್ಲದೆ ಬೇಗ ಸ್ವಾಧೀನ ವಾಪಸ್ ಪಡೆಯಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಬಹುದು, ಆದರೆ ಅದನ್ನು 6 ತಿಂಗಳೊಳಗೆ ಮಾಡಬೇಕು.

ಬಂಡಿದಾರಿ, ನೀರುಕಾಲುವೆಯ ಹಕ್ಕುಗಳಿಗೆ 25ನೇ ಕಲಮು ಅನ್ವಯಿಸುತ್ತದೆ. ಖಾಸಗಿ ಜಮೀನಿನ ಮೇಲೆ 20 ವರ್ಷ, ಸರ್ಕಾರಿ ಜಮೀನಿನ ಮೇಲೆ 30 ವರ್ಷ ಹಕ್ಕಿನಂತೆ, ಅಡ್ಡಿಯಿಲ್ಲದೆ ಬಳಸಿದ್ದರೆ ಆ ದಾರಿ ಅಥವಾ ನೀರಿನ ಹಕ್ಕು ಸ್ಥಿರವಾಗುತ್ತದೆ. ಆ ಬಳಕೆ ದಾವೆಗೆ ಹಿಂದಿನ 2 ವರ್ಷದೊಳಗೆ ಕೊನೆಗೊಂಡಿರಬೇಕು. ಬೇಲಿ ಹಾಕಿ ದಾರಿ ಮುಚ್ಚಿದವರನ್ನು 2 ವರ್ಷಕ್ಕೂ ಹೆಚ್ಚು ಕಾಲ ಸಹಿಸಿ ಕೂತರೆ ಈ ಆಧಾರವೇ ಕುಸಿಯುತ್ತದೆ. ಕೆರೆ ಕಾಲುವೆಗಳ ಮೇಲೆ ಬದುಕಿದ ಕೋಲಾರದ ಹಳ್ಳಿಗಳಿಗೆ ಈ ಕಲಮಿನಷ್ಟು ಹತ್ತಿರದ್ದು ಇನ್ನೊಂದಿಲ್ಲ.

ಜಮೀನನ್ನು ಅಡವಿಟ್ಟವರು ಅದನ್ನು ಬಿಡಿಸಿಕೊಳ್ಳಲು 30 ವರ್ಷ, ಅಡಮಾನದ ಹಣ ವಸೂಲಿಗೆ 12 ವರ್ಷ. ಆದರೆ ಸಾಲ ಕೊಟ್ಟವರು ಜಮೀನನ್ನೇ ಅನುಭವಿಸುವ ಭೋಗ್ಯದ ವಿಷಯದಲ್ಲಿ ಕೇವಲ 30 ವರ್ಷ ಕಳೆದ ಮಾತ್ರಕ್ಕೆ ಒಡೆಯನ ಹಕ್ಕು ಹೋಗದು ಎಂದು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಜ್ಜನ ಕಾಲದ ಭೋಗ್ಯಪತ್ರ ಮನೆಯಲ್ಲಿ ಸಿಕ್ಕರೆ ಅದನ್ನು ನಿಷ್ಪ್ರಯೋಜಕವೆಂದು ಎಸೆಯಬಾರದು.

ಕುಟುಂಬದ ಆಸ್ತಿ, ಹೆಣ್ಣುಮಕ್ಕಳು, ಅಪ್ರಾಪ್ತರು

ಭಾಗದ ದಾವೆಗೆ ನೇರವಾಗಿ ಅವಧಿ ಹೇಳುವ ಅನುಚ್ಛೇದವಿಲ್ಲ. ಕುಟುಂಬ ಒಟ್ಟಾಗಿರುವವರೆಗೆ ಭಾಗ ಕೇಳುವ ಹಕ್ಕು ಜೀವಂತವಾಗಿರುತ್ತದೆ. ಅವಿಭಕ್ತ ಆಸ್ತಿಯಿಂದ ತನ್ನನ್ನು ಹೊರಗಿಟ್ಟಿದ್ದಾರೆ ಎಂಬುದು ತಿಳಿದ ದಿನದಿಂದ 110ನೇ ಅನುಚ್ಛೇದದ 12 ವರ್ಷ ಓಡುತ್ತದೆ. ಒಬ್ಬ ಸಹೋದರನ ಹೆಸರಿನಲ್ಲಿ ಖಾತೆಯಿದೆ, ಅವನೇ ಉಳುತ್ತಿದ್ದಾನೆ ಎಂಬಷ್ಟರಿಂದಲೇ ಉಳಿದವರನ್ನು ಹೊರಗಿಟ್ಟಂತೆ ಆಗುವುದಿಲ್ಲ. ಹಕ್ಕನ್ನು ಸ್ಪಷ್ಟವಾಗಿ ನಿರಾಕರಿಸಿರಬೇಕು.

ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಸಮಪಾಲು ಕೊಡುವಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಹಕ್ಕುಂಟು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗ ಮತ್ತು ಪರಭಾರೆಗಳನ್ನು ಮಾತ್ರ ಇದು ಮುಟ್ಟುವುದಿಲ್ಲ. ಹಕ್ಕು ಇಷ್ಟು ದೃಢವಾಗಿದ್ದರೂ ಅನೇಕ ಹೆಣ್ಣುಮಕ್ಕಳು ಅದನ್ನು ಕಳೆದುಕೊಳ್ಳುವುದು ಹಕ್ಕು ಬಿಡುಗಡೆ ಪತ್ರದ ಮೂಲಕ. ಓದದೆ, ಅಥವಾ ಬೇರೇನೋ ಕಾಗದವೆಂದು ನಂಬಿ ಸಹಿ ಹಾಕಿದ ಪತ್ರವನ್ನು ರದ್ದುಪಡಿಸಲು 59ನೇ ಅನುಚ್ಛೇದದಲ್ಲಿರುವುದು ವಿಷಯ ತಿಳಿದ ದಿನದಿಂದ 3 ವರ್ಷ. ವಂಚನೆ ನಡೆದಿದ್ದರೆ ಅದು ಬಯಲಾದ ದಿನದಿಂದ ಲೆಕ್ಕವೆಂದು 17ನೇ ಕಲಮು ನೆರವಿಗೆ ಬರುತ್ತದೆ. ಆದರೆ ನೋಂದಾಯಿತ ಪತ್ರದ ಬಗ್ಗೆ ತನಗೆ ತಿಳಿದೇ ಇರಲಿಲ್ಲ ಎಂಬ ವಾದವನ್ನು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ. ಉಪನೋಂದಣಿ ಕಚೇರಿಯಿಂದ ಆಗಾಗ ಋಣಭಾರ ಪತ್ರ ತೆಗೆಸಿ ನೋಡುವುದು ಇದಕ್ಕಿರುವ ಒಳ್ಳೆಯ ಮದ್ದು.

ಅಪ್ರಾಪ್ತರ ಆಸ್ತಿಯನ್ನು ತಂದೆತಾಯಿಯೇ ಮಾರಬೇಕಾದರೂ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಂತೆ ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದ ಮಾರಾಟವನ್ನು ಪ್ರಶ್ನಿಸಲು ಆ ಮಗುವಿಗೆ ಪ್ರಾಪ್ತ ವಯಸ್ಸಾದ ಮೇಲೆ 3 ವರ್ಷ, ಅಂದರೆ ಸಾಮಾನ್ಯವಾಗಿ 21 ತುಂಬುವವರೆಗೆ ಕಾಲವಿದೆ. ಬದುಕು ಇನ್ನೂ ಗಟ್ಟಿಯಾಗದ ಆ ವಯಸ್ಸಿನಲ್ಲಿ ಬಹುಪಾಲು ಯುವಕರಿಗೆ ಇಂಥ ಗಡುವು ಇರುವುದೇ ಗೊತ್ತಿರುವುದಿಲ್ಲ.

ರಾಜ್ಯದ ವಿಶೇಷ ಗಡುವುಗಳು

ವಿಶೇಷ ಅಥವಾ ಸ್ಥಳೀಯ ಕಾನೂನು ಬೇರೆ ಅವಧಿ ಹಾಕಿದ್ದರೆ ಅದೇ ನಡೆಯುತ್ತದೆ ಎಂದು 29ನೇ ಕಲಮಿನ 2ನೇ ಉಪಕಲಮು ಹೇಳುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಅತಿ ಪ್ರಸಿದ್ಧ ಉದಾಹರಣೆ ಭೂಸುಧಾರಣೆಯ 7ನೇ ನಮೂನೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವ ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿ ಹಾಕಲು ವಿಸ್ತರಣೆಗಳ ನಂತರ ಇದ್ದ ಕೊನೆಯ ದಿನ 1979ರ ಜೂನ್ 30. ಆ ದಿನ ತಪ್ಪಿಸಿಕೊಂಡ ಗೇಣಿದಾರರಿಗೆ ಸಿವಿಲ್ ನ್ಯಾಯಾಲಯದ ಬಾಗಿಲೂ ಮುಚ್ಚಿತ್ತು, ಏಕೆಂದರೆ ಗೇಣಿಯ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ.

ಹಳೆಯ 1894ರ ಭೂಸ್ವಾಧೀನ ಕಾಯ್ದೆಗೆ ರಾಜ್ಯ 1961ರಲ್ಲಿ ತಿದ್ದುಪಡಿ ತಂದಿತ್ತು. ಪರಿಹಾರ ಸಾಲದೆಂದು ನ್ಯಾಯಾಲಯಕ್ಕೆ ಪ್ರಕರಣ ಒಪ್ಪಿಸುವಂತೆ ಕೇಳಲು ಅದು ನೋಟಿಸು ತಲುಪಿದ ದಿನದಿಂದ 90 ದಿನ ಕೊಟ್ಟಿತ್ತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕೇಂದ್ರ ಕಾಯ್ದೆಯ 64ನೇ ಕಲಮಿನಲ್ಲಿ ಈ ಅವಧಿ 6 ವಾರ. ಪರಿಹಾರ ನಿಗದಿಪಡಿಸುವ ಐತೀರ್ಪಿನ ದಿನ ಹಾಜರಿಲ್ಲದವರಿಗೆ ನೋಟಿಸಿನಿಂದ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಯಾವುದು ಮೊದಲೋ ಅದು. ಹೆದ್ದಾರಿಗೆ ಹೋದ ಜಮೀನಿನ ಪರಿಹಾರದ ತಕರಾರು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ. ಅವರ ತೀರ್ಪನ್ನು ಪ್ರಶ್ನಿಸಲು 3 ತಿಂಗಳು, ಸಕಾರಣವಿದ್ದರೆ ಇನ್ನು 30 ದಿನ ಮಾತ್ರ.

ಪಿಟಿಸಿಎಲ್ ಎಂದೇ ಹೆಸರಾದ ಪರಿಶಿಷ್ಟರ ಜಮೀನು ಪರಭಾರೆ ನಿಷೇಧ ಕಾಯ್ದೆ 1979ರ ಜನವರಿ 1ರಿಂದ ಜಾರಿಯಲ್ಲಿದೆ. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರುದಾರರಿಗೆ ವಾಪಸ್ ಕೊಡಿಸಬಹುದು. ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು ಮೂರೂ ಪರಿಶಿಷ್ಟ ಜಾತಿ ಮೀಸಲು ವಿಧಾನಸಭಾ ಕ್ಷೇತ್ರಗಳಾಗಿರುವ ಈ ಸೀಮೆಯಲ್ಲಿ ಕಾಯ್ದೆಯ ಮಹತ್ವ ಹೇಳಿ ತೀರದು. 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅರ್ಜಿಗೆ ಕಾಯ್ದೆಯಲ್ಲಿ ಅವಧಿ ಇರಲಿಲ್ಲ. ಆದರೂ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಅವಧಿ ಹೇಳದಿದ್ದರೂ ಸಮಂಜಸ ಕಾಲದೊಳಗೆ ಅರ್ಜಿ ಬರಬೇಕು ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪಿನ ಆಧಾರದ ಮೇಲೆ ರಾಜ್ಯದ ಎಲ್ಲೆಡೆ ಅರ್ಜಿಗಳು ವಜಾ ಆಗತೊಡಗಿದಾಗ ದಲಿತ ಸಂಘಟನೆಗಳು ದೀರ್ಘ ಹೋರಾಟ ನಡೆಸಿದವು. ಫಲವಾಗಿ 2023ರ ತಿದ್ದುಪಡಿ, ಈ ಅರ್ಜಿಗೆ ಯಾವ ಕಾಲಮಿತಿಯೂ ಅನ್ವಯಿಸದು ಎಂದು ಕಾಯ್ದೆಯಲ್ಲೇ ಬರೆಯಿತು. ಕಾಲಮಿತಿ ಬೇರೆ, ಅಸಮಂಜಸ ವಿಳಂಬ ಬೇರೆ ಎಂಬ ವಾದ ತಿದ್ದುಪಡಿಯ ನಂತರವೂ ನ್ಯಾಯಾಲಯಗಳಲ್ಲಿ ಮುಂದುವರಿದಿದೆ. ಓದು ಬಾರದ, ಮಂಜೂರಾತಿಯ ಷರತ್ತೇ ತಿಳಿಯದ ಕುಟುಂಬಕ್ಕೆ ಕಾಲದ ಲೆಕ್ಕ ಹಾಕುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಈ ಕಾಯ್ದೆಯಷ್ಟು ನೇರವಾಗಿ ಬೇರಾವುದೂ ಎತ್ತಿಲ್ಲ.

ಗಣಿ ಕಾರ್ಮಿಕರ ಕ್ಲೇಮುಗಳು

ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಗೆತ್ತಿಕೊಂಡ ಕೋಲಾರದ ಚಿನ್ನದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಬಾಕಿ ಹಣ, ವಸತಿ, ಪುನರಾರಂಭದ ಬೇಡಿಕೆಗಳು ಅಂದಿನಿಂದ ಬೇರೆಬೇರೆ ವೇದಿಕೆಗಳನ್ನು ಹತ್ತಿವೆ. ಪ್ರತಿ ವೇದಿಕೆಗೂ ತನ್ನದೇ ಗಡುವು. ವೇತನ ಪಾವತಿ ಕಾಯ್ದೆಯಡಿ 12 ತಿಂಗಳು ಇತ್ತು. ವಜಾಗೊಂಡ ಕಾರ್ಮಿಕ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು 2010ರ ತಿದ್ದುಪಡಿ 3 ವರ್ಷ ಕೊಟ್ಟಿತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 2 ವರ್ಷಕ್ಕೆ ಇಳಿಸಿತು. ಹೈಕೋರ್ಟಿನ ರಿಟ್ ಅರ್ಜಿಗೆ ನಿಗದಿತ ಅವಧಿಯಿಲ್ಲ, ಆದರೆ ವಿವರಣೆಯಿಲ್ಲದ ವಿಳಂಬವನ್ನು ಅದು ಸಹಿಸುವುದಿಲ್ಲ.

ಇವೆಲ್ಲಕ್ಕಿಂತ ಕಠಿಣವಾದದ್ದು ಸಿಲಿಕೋಸಿಸ್ ಪ್ರಶ್ನೆ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ನೆಲೆಸಿ ಉಸಿರು ಕಟ್ಟಿಸುವ ಈ ರೋಗ ವರ್ಷಗಳ ನಂತರ ತಲೆದೋರುತ್ತದೆ. 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ ಅಪಘಾತದ 2 ವರ್ಷದೊಳಗೆ ಕ್ಲೇಮು ಕೇಳುತ್ತಿತ್ತು. ಔದ್ಯೋಗಿಕ ರೋಗಗಳಲ್ಲಿ ಅಶಕ್ತತೆಯಿಂದ ಸತತವಾಗಿ ಗೈರಾದ ಮೊದಲ ದಿನವನ್ನೇ ಅಪಘಾತದ ದಿನವೆಂದು ಭಾವಿಸಬೇಕಿತ್ತು, ಸಕಾರಣವಿದ್ದರೆ ವಿಳಂಬ ಮನ್ನಿಸುವ ಅಧಿಕಾರವೂ ಆಯುಕ್ತರಿಗಿತ್ತು. ಶಾಸನ ಇಷ್ಟು ಉದಾರವಾಗಿದ್ದರೂ, ಕೆಲಸ ಬಿಟ್ಟು ಬಹುಕಾಲವಾದ ಮೇಲೆ ರೋಗ ಪತ್ತೆಯಾದವರ ಪಾಡು ಅದರ ಎಣಿಕೆಗೆ ಸರಿಯಾಗಿ ಸಿಗಲಿಲ್ಲ. ಗಾಯ ಒಂದು ದಿನದಲ್ಲಿ ಆಗುತ್ತದೆ ಎಂದು ಊಹಿಸುವ ಕಾನೂನಿಗೆ ನಿಧಾನವಾಗಿ ಕೊಲ್ಲುವ ರೋಗವನ್ನು ಅಳೆಯಲು ಬರುವುದಿಲ್ಲ.

ಮೂರು ರಾಜ್ಯಗಳ ಗಡಿಯಲ್ಲಿ

ಕಾಮಸಮುದ್ರದವರ ನೆಂಟಸ್ತನ, ಸಂತೆ, ಸಾಲ ಎಲ್ಲವೂ ಕುಪ್ಪಂ, ಕೃಷ್ಣಗಿರಿ ಕಡೆಗೂ ಹಬ್ಬಿವೆ. ಕಾಲಪರಿಮಿತಿ ಕಾಯ್ದೆ ಕೇಂದ್ರದ್ದಾದ್ದರಿಂದ ಪ್ರೋನೋಟಿನ 3 ವರ್ಷ ಮೂರೂ ರಾಜ್ಯಗಳಲ್ಲಿ ಒಂದೇ. ಬದಲಾಗುವುದು ನ್ಯಾಯಾಲಯ, ಕೋರ್ಟು ಶುಲ್ಕ ಮತ್ತು ಭೂಮಿಗೆ ಸಂಬಂಧಿಸಿದ ರಾಜ್ಯ ಕಾನೂನು. ಜಮೀನಿನ ದಾವೆಯನ್ನು ಜಮೀನು ಇರುವ ಕಡೆಯೇ ಹೂಡಬೇಕು. ಹಣದ ದಾವೆಯನ್ನು ಪ್ರತಿವಾದಿ ವಾಸಿಸುವ ಅಥವಾ ವ್ಯಾಜ್ಯಕಾರಣ ಹುಟ್ಟಿದ ಕಡೆ ಹೂಡಬಹುದು. ವ್ಯಾಪ್ತಿಯಿಲ್ಲದ ನ್ಯಾಯಾಲಯದಲ್ಲಿ ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ದಾವೆ ನಡೆಸಿದ್ದರೆ ಆ ಕಾಲವನ್ನು 14ನೇ ಕಲಮಿನಂತೆ ಕಳೆಯಲಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೂ ಒಂದು ನಿಯಮ ಮುಖ್ಯ. ಪ್ರತಿವಾದಿ ಭಾರತದಿಂದ ಹೊರಗಿದ್ದ ಕಾಲವನ್ನು 15ನೇ ಕಲಮಿನ 5ನೇ ಉಪಕಲಮು ಕಳೆಯುತ್ತದೆ. ವಾದಿಯೇ ಹೊರದೇಶದಲ್ಲಿದ್ದರೆ ಅಂಥ ರಿಯಾಯಿತಿ ಇಲ್ಲ. ಊರಿನ ಜಮೀನನ್ನು ಬಂಧುಗಳಿಗೆ ಬಿಟ್ಟು ಹೋದವರು ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿಟ್ಟುಕೊಳ್ಳುವುದು ಕ್ಷೇಮ.

ದಿನಗಳ ಲೆಕ್ಕ

ಅವಧಿ ಆರಂಭವಾಗುವ ದಿನವನ್ನು ಎಣಿಸುವುದಿಲ್ಲ. ಕೊನೆಯ ದಿನ ಭಾನುವಾರವೋ ಬೇಸಿಗೆ ರಜೆಯೋ ಆಗಿದ್ದರೆ ನ್ಯಾಯಾಲಯ ತೆರೆದ ದಿನ ಹೂಡಬಹುದು. ಮೇಲ್ಮನವಿಯಲ್ಲಿ ತೀರ್ಪಿನ ನಕಲು ಪಡೆಯಲು ತಗುಲಿದ ಕಾಲ ಕಳೆಯುತ್ತದೆ. ಜಿಲ್ಲಾ ಮಟ್ಟದ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ಸರ್ಕಾರದ ವಿರುದ್ಧ ದಾವೆಗೆ ಮೊದಲು ಕೊಡಬೇಕಾದ 2 ತಿಂಗಳ ನೋಟಿಸಿನ ಅವಧಿಯೂ ಕಳೆಯುತ್ತದೆ. ಕೋರ್ಟು ಶುಲ್ಕ ಕಟ್ಟಲಾಗದವರು ನಿರ್ಗತಿಕರಾಗಿ ದಾವೆ ಹೂಡಲು ಅನುಮತಿ ಕೇಳಿದರೆ, ಅನುಮತಿ ಸಿಕ್ಕಾಗ ಅರ್ಜಿ ಕೊಟ್ಟ ದಿನವೇ ದಾವೆಯ ದಿನವಾಗುತ್ತದೆ. ಗೆದ್ದ ಡಿಕ್ರಿಯನ್ನು ಅಮಲ್ಜಾರಿ ಮಾಡಿಸಲು 12 ವರ್ಷ. ಶಾಶ್ವತ ತಡೆಯಾಜ್ಞೆಯ ಡಿಕ್ರಿಗೆ ಮಿತಿಯಿಲ್ಲ.

ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಎಣಿಕೆಯಿಂದ ಹೊರಗಿಟ್ಟಿತು. ಆ ನಡುವೆ ಅವಧಿ ಮುಗಿದವರಿಗೆ 2022ರ ಮಾರ್ಚ್ 1ರಿಂದ 90 ದಿನ ಕೊಟ್ಟಿತು. ಆ ಕಾಲವನ್ನು ಒಳಗೊಂಡ ವ್ಯಾಜ್ಯಗಳು ಇನ್ನೂ ಬರುತ್ತಿರುವುದರಿಂದ ಈ ಆದೇಶ ಇಂದಿಗೂ ಪ್ರಸ್ತುತ.

ಮೌಲ್ಯಮಾಪನ

ವ್ಯಾಜ್ಯಕ್ಕೆ ಕೊನೆಯಿರಬೇಕು, ಸಾಕ್ಷಿಗಳು ಬದುಕಿರುವಾಗಲೇ ಸತ್ಯ ಹೊರಬರಬೇಕು, ಯಾರೂ ತಲೆಮಾರುಗಟ್ಟಲೆ ದಾವೆಯ ಭಯದಲ್ಲಿ ಬಾಳಬಾರದು ಎಂಬ ಆಶಯಗಳು ಕಾಲಪರಿಮಿತಿಯ ಬೆನ್ನಿಗಿವೆ. ಅವು ಸರಿಯಾದವೇ. ಆದರೆ ಈ ಕಾನೂನು ಎಲ್ಲರ ಮೇಲೂ ಒಂದೇ ಭಾರ ಹೊರಿಸುವುದಿಲ್ಲ. ಬ್ಯಾಂಕು ಮತ್ತು ದೊಡ್ಡ ಕಂಪನಿಗಳು ಪ್ರತಿ ದಾಖಲೆಯ ತಾರೀಖನ್ನೂ ಕಾಯುತ್ತವೆ. ಕೂಲಿಗೆ ಹೋಗುವ ಕುಟುಂಬ, ತವರಿನ ಮೇಲೆ ದಾವೆ ಹೂಡಲು ಹಿಂಜರಿಯುವ ಮಗಳು, ಮಂಜೂರಾತಿ ಪತ್ರ ಓದಲಾಗದ ರೈತ ಕಾಯುವುದಿಲ್ಲ. ಕಾನೂನಿನ ಮುಂದೆ ಇವರು ಸೋಲುವುದು ಹಕ್ಕಿಲ್ಲದೆ ಅಲ್ಲ, ತಾರೀಖು ತಿಳಿಯದೆ. ಆದ್ದರಿಂದ ಅವಧಿಯ ಮಾಹಿತಿಯನ್ನು ಗ್ರಾಮ ಪಂಚಾಯಿತಿ, ನಾಡಕಚೇರಿ, ಉಪನೋಂದಣಿ ಕಚೇರಿಗಳಲ್ಲಿ ಕನ್ನಡದಲ್ಲಿ, ಈ ಸೀಮೆಯಲ್ಲಿ ತೆಲುಗು ಮತ್ತು ತಮಿಳಿನಲ್ಲೂ, ಪ್ರಕಟಿಸುವುದು ಸರ್ಕಾರದ ಕರ್ತವ್ಯವಾಗಬೇಕು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಹಾಯವಾಣಿಯಲ್ಲಿ ವಿಚಾರಿಸಬಹುದು. ನೆರವು ಕೇಳಿದ ಮಾತ್ರಕ್ಕೆ ಕಾಲ ನಿಲ್ಲದು. ಆದ್ದರಿಂದ ಕೈಯಲ್ಲಿರುವ ಪತ್ರದ ತಾರೀಖನ್ನು ಇಂದೇ ನೋಡಿ, ಅವಧಿ ಮುಗಿಯುವ ಮೊದಲು ವಕೀಲರನ್ನು ಕಾಣಿ.